ಮಲೆಯ ಕಾಯಕ: ದೇವರ ಕೆಲಸವು ಸರ್ಕಾರದ ಕೆಲಸವಾದ ಬಗೆ

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಕೆತ್ತಲಾಗಿದೆ. ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ರೂಪುಗೊಂಡ ಆ ಭವ್ಯ ಸೌಧವು 1956ರಲ್ಲಿ ಪೂರ್ಣಗೊಂಡಿತು. ಅದೇ ವರ್ಷದ ನವೆಂಬರ್ 1ರಂದು, ಅದುವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಅದರೊಡನೆ ಮಲೆ ಮಹದೇಶ್ವರ ಬೆಟ್ಟವೂ ಬಂದಿತು. ಸರ್ಕಾರದ ಕೆಲಸವನ್ನು ದೇವರ ಕೆಲಸದ ಎತ್ತರಕ್ಕೆ ಏರಿಸಬೇಕೆಂಬುದು ವಿಧಾನಸೌಧದ ಶಾಸನದ ಆಶಯ. ಬೆಟ್ಟದಲ್ಲಿ ನಡೆದುದು ಇದರ ಮರುಮುಖ: ಅಲ್ಲಿ ದೇವರ ಕೆಲಸವೇ ಕ್ರಮಕ್ರಮವಾಗಿ ಸರ್ಕಾರದ ಕೆಲಸವಾಯಿತು. ಈ ಪರಿವರ್ತನೆಯಲ್ಲಿ ದುಡಿಯುವವನ ಬದುಕಿಗೆ ಬಂದುದೇನು, ಅವನ ಕೈಬಿಟ್ಟುದೇನು ಎಂಬುದು ವಿಚಾರಾರ್ಹವಾದ ಸಂಗತಿ.

ಮಹದೇಶ್ವರರ ಕಾಲ ಸುಮಾರು ಹದಿನೈದನೆಯ ಶತಮಾನವೆಂಬುದು ಪ್ರಚಲಿತವಾದ ಅಭಿಪ್ರಾಯ. ಅವರ ಚರಿತ್ರೆಗೆ ಮುಖ್ಯ ಆಧಾರ ದೇವರಗುಡ್ಡರ ಬಾಯಲ್ಲಿ ಉಳಿದು ಬಂದ ಜನಪದ ಮಹಾಕಾವ್ಯ. ಡಾ. ಪಿ. ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಈ ಕಾವ್ಯವನ್ನು ಪವಾಡಗಳ ಕಥನವೆಂದಷ್ಟೇ ಓದುವುದು ವಾಡಿಕೆ. ಆದರೆ ಅದರಲ್ಲಿ ದುಡಿಮೆಯ ವಿಚಾರವು ಮೊದಲಿನಿಂದ ಕೊನೆಯವರೆಗೆ ಹಾಸುಹೊಕ್ಕಾಗಿದೆ. ಸುತ್ತೂರಿನ ಮಠಕ್ಕೆ ಬಂದ ಬಾಲಕ ಮಹದೇಶ್ವರನಿಗೆ ದೊರೆತ ಕೆಲಸ ರಾಗಿ ಬೀಸುವುದು. ಮುಂದೆ ಎಪ್ಪತ್ತೇಳು ಮಲೆಗಳ ಒಡೆಯನಾಗಿ ಹುಲಿಯನ್ನೇರಿದವನು ಮೊದಲು ಕುಳಿತದ್ದು ಬೀಸುಕಲ್ಲಿನ ಮುಂದೆ. ಮಠದ ದಾಸೋಹವು ರಾಗಿಯ ಹಿಟ್ಟಿನಿಂದ ನಡೆಯತಕ್ಕದ್ದು; ಆ ಹಿಟ್ಟನ್ನು ಬೀಸುವ ಕೈ ಪೂಜೆಯ ಕೈಗಿಂತ ಕೀಳಲ್ಲವೆಂಬ ಶರಣತತ್ತ್ವವನ್ನು ಜನಪದರು ತಮ್ಮದೇ ರೀತಿಯಲ್ಲಿ ಗ್ರಹಿಸಿದ್ದರು.

ಇದಕ್ಕೆ ಎದುರಾಗಿ ಅದೇ ಕಾವ್ಯದಲ್ಲಿ ಶ್ರವಣ ದೊರೆಯ ಪ್ರಸಂಗ ಬರುತ್ತದೆ. ಅವನು ದೇವತೆಗಳನ್ನೇ ಸೆರೆಯಲ್ಲಿಟ್ಟು ಊಳಿಗಕ್ಕೆ ಹಚ್ಚಿದ ದೊರೆ. ಮಹದೇಶ್ವರರು ಅವನನ್ನು ಸಂಹರಿಸಲು ಬಳಸಿದ್ದು ಅರಗಿನ ಪಾದರಕ್ಷೆಯನ್ನು; ಅದರ ಹಿಂದೆ ಪಾದರಕ್ಷೆಯ ಕಾಯಕದವನಾದ ಹರಳಯ್ಯನ ಹೆಸರು ನಿಂತಿದೆ. ಬಲಾತ್ಕಾರದ ಊಳಿಗವನ್ನು ಮುರಿಯಲು ಕಾಯಕದ ಉತ್ಪನ್ನವೇ ಆಯುಧವಾಯಿತೆಂಬುದು ಇಲ್ಲಿ ಗಮನಾರ್ಹ. ಬೀಸುಕಲ್ಲಿನ ಮುಂದಿನ ಶ್ರಮವೂ ಶ್ರಮವೇ, ಶ್ರವಣನ ಸೆರೆಯೊಳಗಿನ ಶ್ರಮವೂ ಶ್ರಮವೇ. ಆದರೆ ಮೊದಲನೆಯದರ ಫಲ ದಾಸೋಹದ ಪಂಕ್ತಿಗೆ ಹೋಗುತ್ತದೆ, ದುಡಿದವನೂ ಆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಎರಡನೆಯದರ ಫಲವೆಲ್ಲ ದೊರೆಯೊಬ್ಬನಿಗೇ ಸಲ್ಲುತ್ತದೆ. ಕಾಯಕಕ್ಕೂ ಬಿಟ್ಟಿಗೂ ಇರುವ ಅಂತರ ಇದೇ.

ಕ್ಷೇತ್ರದ ಪರಂಪರಾಗತ ವ್ಯವಸ್ಥೆಯೂ ಈ ಭಾವನೆಯ ಮೇಲೆಯೇ ನಿಂತಿತ್ತು. ಬೇಡಗಂಪಣರು ಸರದಿಯಂತೆ ಸ್ವಾಮಿಯ ಪೂಜೆ ನೆರವೇರಿಸುತ್ತ ಬಂದಿದ್ದಾರೆ. ಒಂದು ಮನೆತನದ ಸರದಿ ಮುಗಿದೊಡನೆ ಮತ್ತೊಂದರ ಸರದಿ ಬರುವುದರಿಂದ ಅಧಿಕಾರವು ಒಂದೇ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ದುಡಿಮೆಯ ಹೊರೆಯೂ ಒಬ್ಬನ ಹೆಗಲ ಮೇಲೆಯೇ ಉಳಿಯುತ್ತಿರಲಿಲ್ಲ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಹಳ್ಳದ ನೀರನ್ನು ಹೊತ್ತು ತರುವವರು ಅದೇ ಸಮುದಾಯದ 101 ಹೆಣ್ಣುಮಕ್ಕಳು. ದೀಕ್ಷೆ ಪಡೆದ ದೇವರಗುಡ್ಡರು ಕಂಚಿನ ಕಂಸಾಳೆಯನ್ನು ಹಿಡಿದು, ಜೋಳಿಗೆ ಹಾಕಿ, ಊರೂರು ತಿರುಗಿ ಕಾವ್ಯ ಹಾಡಿದರು. ಅವರಿಗೆ ಮನೆಮನೆಯಲ್ಲಿ ಸಿಕ್ಕ ಧಾನ್ಯವು ಭಿಕ್ಷೆಯೆಂಬ ಹೆಸರಿನದಾದರೂ ಹಾಡಿಗೆ ಸಂದ ಗೌರವವೇ ಆಗಿತ್ತು. ಸಾಲೂರು ಮಠವು ಗುರುಪೀಠವಾಗಿ ಈ ಎಲ್ಲವನ್ನೂ ಒಂದು ಸೂತ್ರದಲ್ಲಿ ಹಿಡಿದಿತ್ತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ವ್ಯವಸ್ಥೆ ಬದಲಾಗತೊಡಗಿತು. 1951ರಲ್ಲಿ ಮದರಾಸು ಸರ್ಕಾರ ಹಿಂದೂ ಧಾರ್ಮಿಕ ಮತ್ತು ಧರ್ಮದತ್ತಿ ಶಾಸನವನ್ನು ಮಾಡಿತು. ದೇವಾಲಯದ ಆಡಳಿತ ಮಠದ ಕೈಯಿಂದ ಸರ್ಕಾರದ ಕೈಗೆ ಹೊರಳಿತು; ರಾಜ್ಯಗಳ ಪುನರ್ವಿಂಗಡಣೆಯ ಅನಂತರ ಕನ್ನಡನಾಡಿನ ಸರ್ಕಾರವೇ ಹೊಣೆ ಹೊತ್ತಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾಯಿತು. 2013ರ ಶಾಸನದಿಂದ ಕ್ಷೇತ್ರಕ್ಕೆಂದೇ ಅಭಿವೃದ್ಧಿ ಪ್ರಾಧಿಕಾರವೊಂದು ಏರ್ಪಟ್ಟಿತು. ಇಂದು ಬೆಟ್ಟವೆಂದರೆ ಒಂದು ದೊಡ್ಡ ಕಾರ್ಯಕ್ಷೇತ್ರ. ಅಲ್ಲಿ ಅರ್ಚಕರಿದ್ದಾರೆ, ಗುಮಾಸ್ತರಿದ್ದಾರೆ. ದಾಸೋಹದ ಅಡುಗೆಯವರು, ಲಾಡು ಕಟ್ಟುವವರು, ಮುಡಿ ತೆಗೆಯುವವರು, ಕಸ ಗುಡಿಸುವವರು, ಕಾವಲುಗಾರರು, ಘಟ್ಟದ ತಿರುವುಗಳಲ್ಲಿ ಬಸ್ಸು ನಡೆಸುವ ಚಾಲಕರು ಇದ್ದಾರೆ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಗಳಲ್ಲಿ ಲಕ್ಷಾಂತರ ಭಕ್ತರು ನೆರೆದಾಗ ಇವರೆಲ್ಲರ ಪಾಲಿಗೆ ಹಬ್ಬವೆಂದರೆ ಹಗಲಿರುಳಿನ ದುಡಿಮೆ.

ಈ ಬದಲಾವಣೆಯನ್ನು ಕೇವಲ ಹಾನಿಯೆಂದು ಬಗೆಯುವುದು ಸರಿಯಲ್ಲ. ಪರಂಪರೆಯ ಕಾಯಕ ಹುಟ್ಟಿಗೆ ಅಂಟಿಕೊಂಡಿತ್ತು. ಶರಣರು ಕಾಯಕವನ್ನು ಜಾತಿಯ ಕಟ್ಟಿನಿಂದ ಬಿಡಿಸಿದರೂ, ಸಮಾಜವು ಮರಳಿ ಅದನ್ನು ಅದೇ ಗೂಟಕ್ಕೆ ಕಟ್ಟಿತೆಂಬುದು ಚರಿತ್ರೆಯ ಕಟು ಸತ್ಯ. ಸರ್ಕಾರದ ಹುದ್ದೆಯು ಅರ್ಹತೆಯನ್ನೂ ಮೀಸಲಾತಿಯನ್ನೂ ಆಧಾರವಾಗಿಟ್ಟು ಬಾಗಿಲನ್ನು ಅಗಲವಾಗಿ ತೆರೆಯಿತು. ನಿಗದಿಯಾದ ಸಂಬಳ, ರಜೆ, ಹೆರಿಗೆಯ ಸೌಲಭ್ಯ, ವೃದ್ಧಾಪ್ಯದ ಆಸರೆ, ಇವು ಭಕ್ತಿಯ ಹೆಸರಿನಲ್ಲಿ ದೊರೆತವುಗಳಲ್ಲ, ಕಾನೂನಿನಿಂದ ದೊರೆತವು. 1948ರ ಕನಿಷ್ಠ ವೇತನ ಶಾಸನವೂ 1976ರ ಜೀತಪದ್ಧತಿ ರದ್ದಿಯಾತಿ ಶಾಸನವೂ ಶ್ರವಣನ ಸೆರೆಯನ್ನು ಒಡೆಯುವ ದಾರಿಯಲ್ಲಿ ಇಟ್ಟ ಹೆಜ್ಜೆಗಳೇ ಆಗಿದ್ದವು.

ಆದರೂ ಕೈಬಿಟ್ಟುದೊಂದುಂಟು. ಹುದ್ದೆಯಲ್ಲಿ ಶ್ರೇಣಿಯುಂಟು, ಶ್ರೇಣಿಯೊಡನೆ ಮೇಲು ಕೀಳಿನ ಭಾವನೆಯೂ ಒಳಬರುತ್ತದೆ. ಗುಡಿಸುವವನಿಗೂ ಕಡತ ಬರೆಯುವವನಿಗೂ ನಡುವೆ ವೇತನದ ಅಂತರವಿರಬಹುದು, ಗೌರವದ ಅಂತರ ಇರಕೂಡದು. ಇದು ಬೆಟ್ಟವೊಂದರ ಮಾತಲ್ಲ. ಬೆಂಗಳೂರಿನ ತಂತ್ರಜ್ಞಾನ ಸಂಸ್ಥೆಯ ಹೊಳೆಯುವ ಕಟ್ಟಡದಲ್ಲಿಯೂ, ಕಲ್ಲುಗಣಿಯ ಬಿಸಿಲಿನಲ್ಲಿಯೂ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿಯೂ ಪ್ರಶ್ನೆ ಇದೇ. ಇಂದು ಅನೇಕ ಸಂಸ್ಥೆಗಳಲ್ಲಿ ಒಂದೇ ಕೆಲಸವನ್ನು ಖಾಯಂ ನೌಕರನೂ ಹೊರಗುತ್ತಿಗೆಯವನೂ ಅಕ್ಕಪಕ್ಕದಲ್ಲಿ ನಿಂತು ಮಾಡುತ್ತಾರೆ. ಒಬ್ಬನಿಗೆ ನಾಳೆಯ ಭರವಸೆಯುಂಟು, ಇನ್ನೊಬ್ಬನಿಗಿಲ್ಲ. ಇಂಥಲ್ಲಿ ‘ಕಾಯಕ’ ಎಂಬ ಪವಿತ್ರವಾದ ಪದವನ್ನು ಗೋಡೆಯ ಮೇಲೆ ಬರೆಸಿ, ಹೊತ್ತು ಮೀರಿ ದುಡಿಸಿಕೊಂಡು, ಕೂಲಿಯನ್ನು ಕಡಿತಗೊಳಿಸುವುದು ಶರಣರಿಗೆ ಬಗೆಯುವ ದ್ರೋಹ.

ಕಾಯಕತತ್ತ್ವದಲ್ಲಿ ಕರ್ತವ್ಯದೊಡನೆ ಮಿತಿಯೂ ಇದೆಯೆಂಬುದನ್ನು ಮರೆಯಲಾಗದು. ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಕಾಯಕವನ್ನು ಲಿಂಗಪೂಜೆಗಿಂತ ಕಡಿಮೆಯೆಂದು ಎಣಿಸಲಿಲ್ಲ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಹೆಚ್ಚು ತಂದವನನ್ನು ಹೊಗಳುವುದೇ ಇಂದಿನ ವೃತ್ತಿಜೀವನದ ರೂಢಿ. ಲಕ್ಕಮ್ಮನಾದರೋ ಸಾಕೆನ್ನುವ ಗೆರೆಯನ್ನು ಎಳೆದಳು. ಆ ಗೆರೆ ದುಡಿಯುವವನಿಗೆ ಮಾತ್ರವಲ್ಲ, ದುಡಿಸಿಕೊಳ್ಳುವವನಿಗೂ ಅನ್ವಯಿಸತಕ್ಕದ್ದು.

ದೇವರ ಕೆಲಸವು ಸರ್ಕಾರದ ಕೆಲಸವಾದುದು ಚರಿತ್ರೆಯ ನಡೆ. ಅದನ್ನು ಹಿಂದಕ್ಕೆ ತಿರುಗಿಸಲಾಗದು, ತಿರುಗಿಸಬೇಕಾಗಿಯೂ ಇಲ್ಲ. ಕಾನೂನು ಕೊಟ್ಟ ಹಕ್ಕು ಉಳಿಯಬೇಕು, ಕಾಯಕ ಕೊಟ್ಟ ಗೌರವ ಮರಳಬೇಕು. ಯಾವುದೇ ಕಚೇರಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ, ದುಡಿದವನು ತನ್ನ ದುಡಿಮೆಯ ಫಲದ ಪಂಕ್ತಿಯಲ್ಲಿ ತಾನೂ ಸಮನಾಗಿ ಕುಳಿತು ಉಣ್ಣಬಲ್ಲನೇ ಎಂದು ಕೇಳಿಕೊಂಡರೆ, ಅದು ಸುತ್ತೂರಿನ ಬೀಸುಕಲ್ಲಿನ ಮನೆಯೋ ಶ್ರವಣನ ಸೆರೆಯೋ ಎಂಬುದು ತಾನಾಗಿಯೇ ತಿಳಿದುಬರುತ್ತದೆ.