ಬುಡ್ಡಿದೀಪದಿಂದ ಬಿಳಿ ಬೆಳಕಿನವರೆಗೆ

ಮನೆಗೆ ಎಲ್‌ಇಡಿ ಬಂದ ದಿನ ಅಮ್ಮ ಹೇಳಿದ್ದು ಒಂದೇ ಮಾತು: 'ಇದೇನೋ, ಆಸ್ಪತ್ರೆ ವಾರ್ಡ್ ಆದಂಗಾಯ್ತು.'

1902ರಲ್ಲಿ ಶಿವನಸಮುದ್ರದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಳ್ಳಿಯ ಎಷ್ಟೋ ಬಡವರ ಮನೆಗೆ ಒಂದೇ ಒಂದು ಬಲ್ಬು ಬರೋದಕ್ಕೆ ಭಾಗ್ಯಜ್ಯೋತಿ ಬೇಕಾಯ್ತು. ಆ ಬಲ್ಬು ಬುಡ್ಡಿದೀಪದ ತಮ್ಮನೇ, ಅದೇ ಹಳದಿ. ಬುಡ್ಡಿ ಸುಮಾರು 1900 ಕೆಲ್ವಿನ್, ಬಲ್ಬು 2700.

ಕೆಲ್ವಿನ್ ಅಂದರೇನು? ಕುಲುಮೆ ನೆನಪಿಸಿಕೊಳ್ಳಿ. ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಬಲ್ಬಿನ ಡಬ್ಬಿ ಮೇಲಿರೋದೂ ಅದೇ ಲೆಕ್ಕ. ಸಂಖ್ಯೆ ಏರಿದಷ್ಟೂ ಬೆಳಕು ಬಿಳಿ, ಆಮೇಲೆ ನೀಲಿ ಛಾಯೆ. ಟ್ಯೂಬ್‌ಲೈಟಿನ ಜೊತೆ 6500 ಊರಿಗೆ ಬಂತು. ಹಳದಿ ಅಂದರೆ ಬಡತನ, ಬಿಳಿ ಅಂದರೆ ಸಿರಿತನ ಅಂತ ನಾವೇ ತೀರ್ಮಾನಿಸಿಬಿಟ್ಟೆವು. 2015ರಲ್ಲಿ ಉಜಾಲಾ ಯೋಜನೆಯ ಅಗ್ಗದ ಎಲ್‌ಇಡಿ ಬಂದ ಮೇಲಂತೂ ದೇವರ ಮನೆಗೂ ಮಲಗೋ ಕೋಣೆಗೂ ಒಂದೇ ಬಿಳಿ.

ಎಡವಿದ್ದು ಇಲ್ಲೇ. ನೀಲಿ ಹೆಚ್ಚಿರುವ ಬೆಳಕು ರಾತ್ರಿ ಕಣ್ಣಿಗೆ ಬಿದ್ದರೆ ನಿದ್ದೆಗೆ ಬೇಕಾದ ಮೆಲಟೋನಿನ್ ಕಡಿಮೆಯಾಗುತ್ತದೆ. ಮಲಗೋ ಕೋಣೆಗೆ 2700 ಅಥವಾ 3000 ಸಾಕು. ಅಡುಗೆಮನೆಗೆ, ಮಕ್ಕಳು ಓದೋ ಜಾಗಕ್ಕೆ 4000 ಇರಲಿ. ಎರಡೂ 9 ವಾಟ್ ಆದರೆ ಕರೆಂಟು ಬಿಲ್ಲಿನಲ್ಲಿ ವ್ಯತ್ಯಾಸವಿಲ್ಲ. ಅಂಗಡಿಯವರು ಕೇಳದೆ ಬಿಳಿಯದನ್ನೇ ಕೊಡ್ತಾರೆ, 'ವಾರ್ಮ್ ವೈಟ್' ಅಂತ ಕೇಳಿ ತಗೊಳ್ಳಿ.

ಅಮ್ಮನ ಕೋಣೆಗೆ 2700 ಹಾಕಿದೆ. ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಮಾತ್ರ ಮೊರ ಹಿಡಿದು ಅಡುಗೆಮನೆಗೇ ಬರ್ತಾರೆ.