ಲಾ ಹೋಯಾ ಶೋರ್ಸ್‌ನಲ್ಲಿ ಸ್ಕೂಬಾ ಡೈವಿಂಗ್

ಲಾ ಹೋಯಾ ಶೋರ್ಸ್ ಅಮೇರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಡಿಯಾಗೊ ನಗರದಲ್ಲಿರುವ ಮರಳಿನ ಕಡಲತೀರ. ದೋಣಿಯ ನೆರವಿಲ್ಲದೆ ದಡದಿಂದಲೇ ನಡೆದು ನೀರಿಗಿಳಿಯುವ ಸ್ಕೂಬಾ ಡೈವಿಂಗ್‌ಗೆ ಇದು ಪ್ರಸಿದ್ಧವಾಗಿದ್ದು, ಹೊಸಬರ ತರಬೇತಿಗೆ ವ್ಯಾಪಕವಾಗಿ ಬಳಕೆಯಾಗುತ್ತಿದೆ. ದಡದ ಬಳಿ ಇಳಿಜಾರು ಸೌಮ್ಯವಾಗಿದ್ದರೂ ಸ್ವಲ್ಪ ದೂರದಲ್ಲಿಯೇ ಆಳವಾದ ಕಡಲಕಣಿವೆ ಆರಂಭವಾಗುತ್ತದೆ.

ಕಡಲತಳದ ಸ್ವರೂಪ

ದಡದಿಂದ ಕೆಲವು ನೂರು ಮೀಟರ್ ದೂರದಲ್ಲಿ, ಸುಮಾರು 12ರಿಂದ 15 ಮೀಟರ್ ಆಳದಲ್ಲಿ ಲಾ ಹೋಯಾ ಕಣಿವೆಯ ಅಂಚು ಸಿಗುತ್ತದೆ. ಅಲ್ಲಿಂದ ತಳವು ಮೆಟ್ಟಿಲುಗಳಂತೆ ಕುಸಿಯುತ್ತಾ ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಕಣಿವೆಯ ಮೇಲೆ ಹಾಯುವ ಅಲೆಗಳು ಇಕ್ಕೆಲಗಳಿಗೆ ಬಾಗಿ ಚದುರುವುದರಿಂದ, ಅದರ ತಲೆಭಾಗಕ್ಕೆ ಎದುರಾದ ತೀರದಲ್ಲಿ ಅಲೆಗಳ ಅಬ್ಬರ ಕಡಿಮೆ.

ನೀರಿನ ಸ್ಥಿತಿ

ಮೇಲ್ಮೈ ನೀರಿನ ಉಷ್ಣಾಂಶ ಚಳಿಗಾಲದಲ್ಲಿ ಸುಮಾರು 14° ಸೆಲ್ಸಿಯಸ್ ಇದ್ದು, ಬೇಸಿಗೆಯ ಕೊನೆಯಲ್ಲಿ 20° ದಾಟುತ್ತದೆ. ಬೇಸಿಗೆಯಲ್ಲಿಯೂ ಕೆಳಗಿನ ಪದರ ಥಟ್ಟನೆ ತಣ್ಣಗಾಗುವುದರಿಂದ 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಧರಿಸುವುದು ರೂಢಿ. ಪ್ಲವಕಗಳು ಹೆಚ್ಚಿದಾಗ ಅಥವಾ ಅಲೆಗಳು ಮರಳನ್ನು ಕದಡಿದಾಗ ನೀರಿನೊಳಗಿನ ಗೋಚರತೆ ಕೆಲವೇ ಮೀಟರ್‌ಗಳಿಗೆ ಇಳಿಯುತ್ತದೆ.

ಜೀವಿಗಳು

ಬೇಸಿಗೆಯಲ್ಲಿ ತೀರದ ದಕ್ಷಿಣ ಭಾಗದ ಆಳವಿಲ್ಲದ ನೀರಿನಲ್ಲಿ ಚಿರತೆ ಶಾರ್ಕ್‌ಗಳು ಗುಂಪುಗೂಡುತ್ತವೆ. ಇವುಗಳಲ್ಲಿ ಹೆಚ್ಚಿನವು ಗರ್ಭ ಧರಿಸಿದ ಹೆಣ್ಣುಗಳು. ಬೆಚ್ಚಗಿನ ನೀರು ಭ್ರೂಣಗಳ ಬೆಳವಣಿಗೆಗೆ ನೆರವಾಗುತ್ತದೆಂದು ಭಾವಿಸಲಾಗಿದೆ. ಇವು ಮನುಷ್ಯರಿಗೆ ಅಪಾಯಕಾರಿಯಲ್ಲ. ಮರಳಿನಲ್ಲಿ ತೊರಕೆ ಮೀನುಗಳು ಹುದುಗಿರುತ್ತವೆ. ಕಣಿವೆಯ ಗೋಡೆಗಳಲ್ಲಿ ಆಕ್ಟೋಪಸ್, ಏಡಿ ಮತ್ತು ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ಕಾಣಬಹುದು. ಕೆಲವು ಚಳಿಗಾಲಗಳಲ್ಲಿ ಸ್ಕ್ವಿಡ್‌ಗಳು ಮೊಟ್ಟೆಯಿಡಲು ಇಲ್ಲಿಗೆ ಬರುತ್ತವೆ. ಸಮೀಪದ ಬಂಡೆಗಳ ನಡುವೆ ವಾಸಿಸುವ ಕಿತ್ತಳೆ ಬಣ್ಣದ ಗ್ಯಾರಿಬಾಲ್ಡಿ, 1995ರಿಂದ ಕ್ಯಾಲಿಫೋರ್ನಿಯದ ರಾಜ್ಯ ಕಡಲಮೀನು.

ಸುರಕ್ಷತೆ

ನೀರಿಗಿಳಿಯುವ ಮೊದಲು ಕೆಲಹೊತ್ತು ಅಲೆಗಳ ಏರಿಳಿತವನ್ನು ಗಮನಿಸಬೇಕು. ಅಲೆ ಒಡೆಯುವ ವಲಯವನ್ನು ದಾಟುವಾಗ, ಹೋಗುವಾಗಲೂ ಮರಳುವಾಗಲೂ, ಮುಖಗವಸು ಮತ್ತು ರೆಗ್ಯುಲೇಟರ್‌ಗಳನ್ನು ತೆಗೆಯಬಾರದು. ಕಾಲನ್ನು ಎತ್ತಿ ಇಡದೆ ಮರಳಿನಲ್ಲಿ ಎಳೆಯುತ್ತಾ ನಡೆದರೆ ತೊರಕೆಗಳು ದೂರ ಸರಿಯುತ್ತವೆ. ಅವುಗಳ ಮುಳ್ಳು ಚುಚ್ಚಿದಲ್ಲಿ ಗಾಯವನ್ನು ಸಹಿಸಬಹುದಾದಷ್ಟು ಬಿಸಿಯಾದ ನೀರಿನಲ್ಲಿಟ್ಟು ಜೀವರಕ್ಷಕರ ನೆರವು ಪಡೆಯಬೇಕು. ದಡದಿಂದ ಹೊರಕ್ಕೆ ಸೆಳೆಯುವ ಪ್ರವಾಹಕ್ಕೆ ಸಿಲುಕಿದವರು ಅದಕ್ಕೆ ಎದುರಾಗಿ ಈಜದೆ ತೀರಕ್ಕೆ ಸಮಾನಾಂತರವಾಗಿ ಈಜಬೇಕು.

ಕಣಿವೆಯ ಅಂಚನ್ನು ದಾಟಿದ ಹೊಸಬರು ಗೋಡೆಯನ್ನು ನೋಡುತ್ತಾ ಅರಿವಿಲ್ಲದೆಯೇ ಕೆಳಗಿಳಿಯುವ ಸಂಭವವಿದೆ. ಪ್ರಾಥಮಿಕ ಹಂತದ ಪ್ರಮಾಣಪತ್ರ ಹೊಂದಿದವರಿಗೆ ಸಾಮಾನ್ಯವಾಗಿ ಸೂಚಿಸುವ ಮಿತಿ 18 ಮೀಟರ್. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯ ಎರಡರಷ್ಟಿದ್ದರೆ 30 ಮೀಟರ್‌ನಲ್ಲಿ ನಾಲ್ಕರಷ್ಟಿರುತ್ತದೆ; ಸಿಲಿಂಡರ್‌ನ ಗಾಳಿಯೂ ಅದೇ ಪ್ರಮಾಣದಲ್ಲಿ ಬೇಗನೆ ತೀರುತ್ತದೆ. ಆದುದರಿಂದ ಆಳಮಾಪಕ ಮತ್ತು ಗಾಳಿಯ ಒತ್ತಡಮಾಪಕಗಳನ್ನು ಆಗಾಗ ನೋಡುತ್ತಾ, ಜೊತೆಗಾರನಿಂದ ಅಗಲದೆ ಸಾಗಬೇಕು.

ಸಂರಕ್ಷಣೆ

1970ರಲ್ಲಿ ಸ್ಯಾನ್ ಡಿಯಾಗೊ ನಗರವು ಇಲ್ಲಿ ಜಲಾಂತರ್ಗತ ಉದ್ಯಾನವನ್ನು ಸ್ಥಾಪಿಸಿತು. 2012ರಿಂದ ಇದರ ಒಂದು ಭಾಗ ರಾಜ್ಯದ ಸಮುದ್ರ ಮೀಸಲು ಪ್ರದೇಶವಾಗಿದ್ದು, ಅಲ್ಲಿ ಮೀನುಗಾರಿಕೆ ಮತ್ತು ಜೀವಿಗಳ ಸಂಗ್ರಹ ನಿಷಿದ್ಧ.