ಯಾರ ಗೆರೆ? - ಮಾಂಗಾ, ಉಕ್ಕಿನ ನಿಬ್ಬು ಮತ್ತು ಅಚ್ಚಿನ ಕಥೆ

ಜಪಾನಿನ ಮಾಂಗಾ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಕಥೆ ಕೇಳಿಬರುತ್ತದೆ. ಹೊಕುಸಾಯಿ ಎಂಬ ದೊಡ್ಡ ಚಿತ್ರಕಾರನಿದ್ದ, 1814ರಲ್ಲಿ 'ಹೊಕುಸಾಯಿ ಮಾಂಗಾ'ದ ಮೊದಲ ಸಂಪುಟ ಬಂತು, ಅಲ್ಲಿಂದ 'ನರುಟೊ'ವರೆಗೆ ಒಂದೇ ಕುಂಚದ ಪರಂಪರೆ ಹರಿದು ಬಂದಿದೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಮಾಂಗಾ ಬರೆಯುವವರ ಮೇಜಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಈ ಕಥೆ ನಿಲ್ಲುವುದಿಲ್ಲ. ಅಲ್ಲಿ ಮುಖ್ಯವಾಗಿ ಇರುವುದು ಕುಂಚವಲ್ಲ, ಇಂಕಿನಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬು. ಅದೂ ಇಂಗ್ಲೆಂಡಿನ ಗುಮಾಸ್ತರ ಮೇಜಿನಿಂದ ಬಂದದ್ದು!

ನಾನು ಚಿತ್ರಕಾರನೇನೂ ಅಲ್ಲ. ಹವ್ಯಾಸಕ್ಕೆ ಗೀಚುವವನು. ಆದರೆ ಈ ನಿಬ್ಬುಗಳ ಹಿಂದೆ ಬಿದ್ದು ಓದುತ್ತಾ ಹೋದ ಹಾಗೆ ನನ್ನನ್ನು ಕಾಡಿದ ಪ್ರಶ್ನೆ "ಯಾವ ಪೆನ್ನು ಒಳ್ಳೆಯದು?" ಅನ್ನುವುದಲ್ಲ. ಪುಸ್ತಕದಲ್ಲಿ ಕಾಣುವ ಗೆರೆ ನಿಜವಾಗಿ ಯಾರ ಕೈಯದು ಅನ್ನುವುದು.

ಮೊದಲು ನಿಬ್ಬುಗಳ ಪರಿಚಯ ಮಾಡಿಕೊಡುತ್ತೇನೆ. ಮಾಂಗಾದಲ್ಲಿ ಮುಖ್ಯವಾದವು ಮೂರು. ಒಂದು, ಜಿ-ಪೆನ್. ಅಗಲವಾದ ನಿಬ್ಬು, ಒತ್ತಿದರೆ ಎರಡು ಎಸಳು ಬಿಚ್ಚಿಕೊಂಡು ಗೆರೆ ದಪ್ಪಗಾಗುತ್ತದೆ, ಕೈ ಹಗುರ ಮಾಡಿದರೆ ಕೂದಲೆಳೆಯಷ್ಟು ತೆಳ್ಳಗೆ ಮುಗಿಯುತ್ತದೆ. ಎರಡನೆಯದು ಮಾರು-ಪೆನ್. 'ಮಾರು' ಅಂದರೆ ದುಂಡಗಿನದು. ಇದರ ಬುಡ ಸಣ್ಣ ಕೊಳವೆಯ ಹಾಗೆ ಇರುವುದರಿಂದ ಹಿಡಿಯೂ ಬೇರೆಯದೇ ಬೇಕು. ಇಂಗ್ಲಿಷಿನಲ್ಲಿ ಇದು ನಕ್ಷೆ ಬರೆಯುವವರ ಪೆನ್ನು, ಮ್ಯಾಪಿಂಗ್ ಪೆನ್. ಮೂರನೆಯದು ಕಬುರಾ. ಕಬು, ಕಬುರಾ ಅಂದರೆ ಟರ್ನಿಪ್ ಗಡ್ಡೆ. ನಿಬ್ಬಿನ ಆಕಾರಕ್ಕೆ ಬಂದ ಹೆಸರು. ಚಮಚದಂತೆ ತುಸು ಗುಳಿಬಿದ್ದ ಈ ನಿಬ್ಬು ಗಟ್ಟಿ, ಒತ್ತಿದರೂ ಹೆಚ್ಚು ಬಿಚ್ಚಿಕೊಳ್ಳುವುದಿಲ್ಲ, ಗೆರೆ ಸಮನಾಗಿ ಬರುತ್ತದೆ. ಲೆಕ್ಕ ಬರೆಯುವವರಿಗೆ ಹೇಳಿ ಮಾಡಿಸಿದ್ದು.

19ನೇ ಶತಮಾನದಲ್ಲಿ ಇಂಥ ನಿಬ್ಬುಗಳ ರಾಜಧಾನಿ ಬರ್ಮಿಂಗ್‌ಹ್ಯಾಮ್. ಜೋಸೆಫ್ ಗಿಲಟ್, ಜೊಸಾಯ ಮೇಸನ್ ಮೊದಲಾದವರ ಕಾರ್ಖಾನೆಗಳಿಂದ ಜಗತ್ತಿಗೆಲ್ಲ ನಿಬ್ಬು ಹೋಗುತ್ತಿತ್ತು. ಜಪಾನಿಗೂ ಹೋಯಿತು. 1897ರಲ್ಲಿ ಇಷಿಕಾವಾ ತೊಕುಮಾತ್ಸು ಟೋಕಿಯೋದಲ್ಲಿ ಉಕ್ಕಿನ ನಿಬ್ಬು ತಯಾರಿಸಲು ಶುರುಮಾಡಿದರು. ಆ ಪುಟ್ಟ ಕಾರ್ಖಾನೆಯೇ ಮುಂದೆ ಝೀಬ್ರಾ ಕಂಪನಿಯಾಯಿತು. ಹೌದು, ನಮ್ಮ ಸ್ಟೇಷನರಿ ಅಂಗಡಿಗಳಲ್ಲೂ ಕಾಣಸಿಗುವ ಅದೇ ಝೀಬ್ರಾ. ಬಾಲ್‌ಪೆನ್ನು ಬಂದ ಮೇಲೆ ಕಚೇರಿಗಳು ನಿಬ್ಬನ್ನು ಕೈಬಿಟ್ಟವು. ಮಾಂಗಾ ಬರೆಯುವವರು ಬಿಡಲಿಲ್ಲ. ಲೆಡ್ಜರ್ ಬರೆಯಲು ಹುಟ್ಟಿದ ವಸ್ತು ಹೀಗೆ ಸಮುರಾಯಿಗಳ ಖಡ್ಗ ಬರೆಯಲು ಬದುಕುಳಿಯಿತು :-)

ಈಗ ಮತ್ತೆ ಹೊಕುಸಾಯಿಗೆ ಬರೋಣ. ಅವನು ಕುಂಚದಿಂದ ಬರೆದದ್ದು ನಿಜ. ಆದರೆ ಮರದಚ್ಚು ಹೇಗೆ ಮಾಡುತ್ತಿದ್ದರು ಗೊತ್ತಾ? ಚಿತ್ರಕಾರ ತೆಳು ಕಾಗದದ ಮೇಲೆ ಬರೆದು ಕೊಟ್ಟ ಚಿತ್ರವನ್ನು ಹಲಗೆಗೆ ಬೋರಲಾಗಿ ಅಂಟಿಸುತ್ತಿದ್ದರು. ಕೆತ್ತುವವನು ಕಾಗದದ ಸಮೇತ ಮರವನ್ನು ಕೆತ್ತುತ್ತಿದ್ದ. ಗೆರೆಯ ಎರಡೂ ಬದಿ ಕೆತ್ತಿ, ಗೆರೆಯಷ್ಟನ್ನೇ ಉಬ್ಬಾಗಿ ಉಳಿಸಬೇಕು. ಕೆಲಸ ಮುಗಿಯುವ ಹೊತ್ತಿಗೆ ಮೂಲ ಚಿತ್ರ ಚೂರುಚೂರು! ಪುಸ್ತಕದಲ್ಲಿ ನಾವು ನೋಡಿ ಬೆರಗಾಗುವ ಹೊಕುಸಾಯಿಯ ಗೆರೆಯನ್ನು ಕೊನೆಗೆ ರೂಪಿಸಿದ್ದು ಕುಂಚವಲ್ಲ, ಇನ್ನೊಬ್ಬನ ಉಳಿ.

ಮೇಜಿ ಕಾಲದಲ್ಲಿ ಯೊಕೊಹಾಮಾ ಬಂದರಿನ ವಿದೇಶಿಯರ ಪತ್ರಿಕೆಗಳ ಮೂಲಕ ಪಾಶ್ಚಾತ್ಯ ವ್ಯಂಗ್ಯಚಿತ್ರದ ಪೆನ್ನಿನ ಗೆರೆ ಜಪಾನಿಗೆ ಬಂತು. ಕಿತಾಜಾವಾ ರಾಕುತೆನ್ ಅಲ್ಲಿ ಫ್ರಾಂಕ್ ನಾನ್‌ಕಿವೆಲ್ ಎಂಬ ಆಸ್ಟ್ರೇಲಿಯಾದ ಚಿತ್ರಕಾರನ ಜೊತೆ ಕೆಲಸ ಮಾಡಿ ಕಲಿತು, 1905ರಲ್ಲಿ 'ಟೋಕಿಯೋ ಪಕ್' ಎಂಬ ಪತ್ರಿಕೆಯನ್ನೇ ಶುರುಮಾಡಿದರು. ಈ ಭಾಗವನ್ನು ಇಲ್ಲಿಗೇ ಬಿಡುತ್ತೇನೆ, ಅದಕ್ಕೇ ಇನ್ನೊಂದು ಬರಹ ಬೇಕು.

ನನಗೆ ಎಲ್ಲಕ್ಕಿಂತ ಕುತೂಹಲದ್ದು ಅನ್ನಿಸಿದ ಕಾಲ 1947. ಯುದ್ಧ ಮುಗಿದು ಎರಡು ವರ್ಷ. ಕಾಗದಕ್ಕೆ ಬರ. ಒಸಾಕಾದಲ್ಲಿ 'ಅಕಾಹೊನ್' ಅಂದರೆ ಕೆಂಪು ಪುಸ್ತಕ ಎಂಬ ಅಗ್ಗದ ಮಕ್ಕಳ ಪುಸ್ತಕಗಳ ಭರಾಟೆ. ಆಗ ವೈದ್ಯಕೀಯ ಓದುತ್ತಿದ್ದ, ಇನ್ನೂ ಇಪ್ಪತ್ತು ದಾಟದ ಹುಡುಗ ತೆಜುಕಾ ಒಸಾಮು, ಸಕಾಯಿ ಶಿಚಿಮಾ ಎಂಬ ಹಿರಿಯರ ಜೊತೆ ಸೇರಿ 'ಶಿನ್ ತಕಾರಾಜಿಮಾ', ಅಂದರೆ 'ಹೊಸ ನಿಧಿ ದ್ವೀಪ' ಎಂಬ ಪುಸ್ತಕ ಮಾಡಿದ. ಅದು ಎಷ್ಟು ಮಾರಾಟವಾಯಿತು ಅನ್ನುವುದಕ್ಕೆ ಜನ 4 ಲಕ್ಷ ಅಂತೆಲ್ಲ ಹೇಳುತ್ತಾರೆ, ಆ ಸಂಖ್ಯೆಯ ಬಗ್ಗೆ ತಕರಾರಿದೆ. ಆದರೆ ಮುಂದೆ 'ಡೊರೆಮಾನ್' ಕೊಟ್ಟ ಫುಜಿಕೊ ಫುಜಿಯೊ ಜೋಡಿ ಸೇರಿದಂತೆ ಒಂದು ತಲೆಮಾರಿನ ಹುಡುಗರು ಅದನ್ನು ಓದಿ ಮರುಳಾಗಿ ಪೆನ್ನು ಹಿಡಿದರು ಅನ್ನುವುದರಲ್ಲಿ ತಕರಾರಿಲ್ಲ.

ತಮಾಷೆ ಏನೆಂದರೆ, ಆ ಹುಡುಗರು ನೋಡಿ ಮರುಳಾದ ಗೆರೆ ತೆಜುಕಾನದಲ್ಲ! ಅಗ್ಗದ ಪುಸ್ತಕಕ್ಕೆ ಫೋಟೋ ತೆಗೆದು ಅಚ್ಚಿನ ತಗಡು ಮಾಡುವಷ್ಟು ದುಡ್ಡು ಯಾರು ಖರ್ಚು ಮಾಡುತ್ತಾರೆ? ಹಾಗಾಗಿ 'ಕಾಕಿಹಾನ್' ಅಂತ ಒಂದು ಪದ್ಧತಿ ಇತ್ತು. ಚಿತ್ರಕಾರ ಕೊಟ್ಟ ಪುಟವನ್ನು ಇಟ್ಟುಕೊಂಡು ಅಚ್ಚುಕೂಟದ ಕಸುಬುದಾರನೊಬ್ಬ ಅದನ್ನೇ ಅನುಸರಿಸಿ ತನ್ನ ಕೈಯಿಂದ ಮತ್ತೆ ಬರೆಯುತ್ತಿದ್ದ. ಅಚ್ಚಾಗುತ್ತಿದ್ದದ್ದು ಅವನು ಬರೆದದ್ದು. ಕಣ್ಣಿನ ದುಂಡು ಸ್ವಲ್ಪ ಬದಲಾಗುತ್ತಿತ್ತು, ಕಾರಿನ ವೇಗಕ್ಕೆ ಎಳೆದ ಗೆರೆ ಸತ್ತಂತಾಗುತ್ತಿತ್ತು. ಆ ಕಸುಬುದಾರನ ಹೆಸರು ಪುಸ್ತಕದಲ್ಲಿ ಎಲ್ಲೂ ಇರುತ್ತಿರಲಿಲ್ಲ. ಇಂಥ ಕಾಲದಲ್ಲಿ ಚಿತ್ರಕಾರ ಜಿ-ಪೆನ್ ಹಿಡಿದರೇನು, ಕಬುರಾ ಹಿಡಿದರೇನು? ಅವನ ಕೈಯ ಒತ್ತಡ ಓದುಗನನ್ನು ತಲುಪುತ್ತಲೇ ಇರಲಿಲ್ಲವಲ್ಲ.

ನನ್ನ ಪ್ರಕಾರ ಮಾಂಗಾ ಪೆನ್ನಿನ ಇತಿಹಾಸ ನಿಜವಾಗಿ ಶುರುವಾಗುವುದು, ಪುಟವನ್ನು ಫೋಟೋ ತೆಗೆದು ತಗಡು ಮಾಡುವುದು ಮಾಮೂಲಾದ ಮೇಲೆ. ಚಿತ್ರಕಾರ ಎಳೆದ ಗೆರೆಯೇ ಓದುಗನ ಕೈಗೆ ಬರುತ್ತದೆ ಅಂತಾದಾಗ ಪೆನ್ನಿನ ಆಯ್ಕೆಗೆ ಅರ್ಥ ಬಂತು. ಜೊತೆಗೆ ಕಟ್ಟುಪಾಡೂ ಬಂತು. 1959ರ ಮಾರ್ಚ್ 17ರಂದು 'ಶೋನೆನ್ ಮ್ಯಾಗಜೀನ್', 'ಶೋನೆನ್ ಸಂಡೇ' ಎಂಬ ಎರಡು ವಾರಪತ್ರಿಕೆಗಳು ಒಂದೇ ದಿನ ಹೊರಬಂದವು. ಕಾಗದ ಒರಟು, ಅಗ್ಗದ್ದು. ಅಚ್ಚು ಉಬ್ಬಚ್ಚು, ನಮ್ಮ ಹಳೆಯ ಮೊಳೆ ಅಚ್ಚಿನ ಹಾಗೆ. ಅದರಲ್ಲಿ ಗೆರೆ ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ. ನಡುವೆ ಬೂದು ಅಂತ ಇಲ್ಲ. ನೀರು ಬೆರೆಸಿ ತೆಳು ಮಾಡಿದ ಇಂಕು ಬಳಸಿದರೆ ಗೆರೆ ಅರ್ಧಂಬರ್ಧ ಅಚ್ಚಾಗುತ್ತದೆ. ಬೂದು ಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು, ಚುಕ್ಕೆ ಇಡಬೇಕು, ಇಲ್ಲವೇ ಚುಕ್ಕೆ ಅಚ್ಚಾದ ಸ್ಕ್ರೀನ್‌ಟೋನ್ ಹಾಳೆ ಕತ್ತರಿಸಿ ಅಂಟಿಸಬೇಕು. 'ಮಾಂಗಾ ಶೈಲಿ' ಅಂತ ನಾವು ಕರೆಯುವುದರಲ್ಲಿ ಅರ್ಧ ಭಾಗ ಈ ಬಡ ಕಾಗದ ಹಾಕಿಕೊಟ್ಟ ಶಿಸ್ತು.

ಪುಟದ ಅಳತೆಯೂ ಇದಕ್ಕೆ ಸೇರಿದ್ದೇ. ವೃತ್ತಿಪರರು ಬಿ4 ಹಾಳೆಯಲ್ಲಿ 270 ಮಿ.ಮೀ. ಎತ್ತರ, 180 ಮಿ.ಮೀ. ಅಗಲದ ಚೌಕಟ್ಟಿನೊಳಗೆ ಬರೆಯುತ್ತಾರೆ. ಅಚ್ಚಿನಲ್ಲಿ ಅದು ಸುಮಾರು ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಕೈಯ ಸಣ್ಣಪುಟ್ಟ ನಡುಕ ಮುಚ್ಚಿಹೋಗುತ್ತದೆ, ಆದರೆ ಅತಿ ತೆಳುವಾದ ಗೆರೆ ಮಾಯವಾಗುವ ಅಪಾಯವೂ ಇದೆ. ಎಲ್ಲಿ ಟೋನ್ ಹಾಕಬೇಕು ಅನ್ನುವ ಸೂಚನೆಗಳನ್ನು ತಿಳಿನೀಲಿ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಅಚ್ಚಿನ ಕ್ಯಾಮೆರಾಕ್ಕೆ ಆ ನೀಲಿ ಕಾಣುವುದಿಲ್ಲ. ಪೂರ್ತಿ ಕಪ್ಪು ತುಂಬಬೇಕಾದ ಕಡೆ ಒಂದು ಸಣ್ಣ ಗುಣಾಕಾರದ ಗುರುತು ಹಾಕಿ ಸಹಾಯಕನಿಗೆ ದಾಟಿಸುತ್ತಾರೆ.

ಪೆನ್ನುಗಳು ಪಂಗಡ ಕಟ್ಟಿಕೊಂಡದ್ದೂ ಈ ಕಾಲದಲ್ಲೇ. ತೆಜುಕಾ ಹೆಚ್ಚಾಗಿ ಬಳಸಿದ್ದು ಕಬುರಾ. ಅವನ ದುಂಡುದುಂಡಾದ, ಡಿಸ್ನಿಯ ನೆರಳಿರುವ ಪಾತ್ರಗಳಿಗೆ ಸಮನಾದ ಗೆರೆ ಒಗ್ಗುತ್ತದೆ. (1972ರಿಂದ 1983ರವರೆಗೆ ಅವನು ಬರೆದ 'ಬುದ್ಧ'ದ ಇಂಗ್ಲಿಷ್ ಅನುವಾದ ಕೈಗೆ ಸಿಕ್ಕರೆ, ಕಥೆ ಬಿಟ್ಟು ಬರೀ ಗೆರೆಯ ದಪ್ಪವನ್ನೇ ಒಂದಿಷ್ಟು ಹೊತ್ತು ನೋಡಿ.) ಇದಕ್ಕೆ ಎದುರಾಗಿ ಬಾಡಿಗೆ ಪುಸ್ತಕದಂಗಡಿಗಳ ಲೋಕದಿಂದ ಇನ್ನೊಂದು ಗುಂಪು ಬಂತು. ಮಕ್ಕಳಾಟ ಸಾಕು, ದೊಡ್ಡವರ ಕಥೆ ಬೇಕು ಅಂದವರು. ತಾತ್ಸುಮಿ ಯೊಶಿಹಿರೊ 1957ರಲ್ಲಿ ಇದಕ್ಕೆ 'ಗೆಕಿಗಾ' ಅಂತ ಹೆಸರಿಟ್ಟರು. ಇಲ್ಲಿ ಬೇಕಾದದ್ದು ಸಿಟ್ಟು, ಬೆವರು, ಕತ್ತಲು. ಒತ್ತಿದರೆ ಉಬ್ಬುವ, ಬಿಟ್ಟರೆ ಚೂಪಾಗುವ ಜಿ-ಪೆನ್ ಇದಕ್ಕೆ ಸರಿಯಾದ ಆಯುಧ. ಸೈತೊ ತಕಾವೊ 1968ರಲ್ಲಿ ಶುರುಮಾಡಿದ 'ಗೋಲ್ಗೊ 13' ನೋಡಿದರೆ ಆ ದಪ್ಪ ಹುಬ್ಬಿನ ಗೆರೆಯಲ್ಲೇ ಪಾತ್ರ ಗೊತ್ತಾಗುತ್ತದೆ.

ಹುಡುಗಿಯರ ಮಾಂಗಾ ಮಾರು-ಪೆನ್ನಿನ ಕಡೆ ಒಲಿಯಿತು. 1970ರ ದಶಕದಲ್ಲಿ ಹಾಗಿಯೊ ಮೊತೊ, ತಾಕೆಮಿಯಾ ಕೇಕೊ ಮುಂತಾದ ಲೇಖಕಿಯರ ಪುಟಗಳಲ್ಲಿ ಕೂದಲಿನ ಎಳೆ ಎಳೆ, ರೆಪ್ಪೆ, ಕಣ್ಣೊಳಗಿನ ಹೊಳಪು ಎಲ್ಲ ಬಿಡಿಸಿದ ಹಾಗಿರುತ್ತದೆ. ಕೆಲವರು ಇದನ್ನು ಬರೀ 'ನಾಜೂಕು' ಅಂತ ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒರಟು ಕಾಗದದ ಮೇಲೆ ಅಷ್ಟು ತೆಳು ಗೆರೆಯನ್ನು ಉಳಿಸಿಕೊಳ್ಳುತ್ತೇನೆ ಅಂತ ಹಟ ಹಿಡಿಯಲು ಧೈರ್ಯ ಬೇಕು.

ಕೈಗೆ ತೆಗೆದುಕೊಂಡು ನೋಡಿದರೆ ಇವು ಸುಲಭದ ವಸ್ತುಗಳಲ್ಲ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ, ಅದನ್ನು ಒರೆಸದಿದ್ದರೆ ಇಂಕು ನಿಲ್ಲುವುದೇ ಇಲ್ಲ. ಜಿ-ಪೆನ್ನನ್ನು ತನ್ನ ಕಡೆಗೆ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಕಾಗದಕ್ಕೆ ಚುಚ್ಚಿಕೊಂಡು ಇಂಕು ಸಿಡಿಯುತ್ತದೆ. ಅದಕ್ಕೇ ಕೈ ತಿರುಗಿಸುವ ಬದಲು ಹಾಳೆಯನ್ನೇ ತಿರುಗಿಸುತ್ತಾರೆ. ಸ್ಕೇಲಿನ ಅಡಿಗೆ ಇಂಕು ನುಸುಳದಿರಲು ಕೆಳಗೆ ನಾಣ್ಯ ಅಂಟಿಸಿ ಎತ್ತರಿಸುವವರಿದ್ದಾರೆ. ಹೆಚ್ಚು ಒತ್ತುವವರ ನಿಬ್ಬು ಕೆಲವೇ ಪುಟಕ್ಕೆ ಸವೆದುಹೋಗುತ್ತದೆ. ಸವೆದ ಜಿ-ಪೆನ್ನನ್ನು ಎಸೆಯದೆ, ದಪ್ಪ ಗೆರೆಗೆ ಅಂತ ಬೇರೆ ಹಿಡಿಗೆ ಸಿಕ್ಕಿಸಿ ಇಟ್ಟುಕೊಳ್ಳುವುದೂ ಉಂಟು.

ಅಂತೂ ಗೆರೆ ಚಿತ್ರಕಾರನ ಕೈಗೆ ಬಂತು ಅನ್ನುವಷ್ಟರಲ್ಲಿ ವಾರಪತ್ರಿಕೆಯ ಗಡುವು ಅದನ್ನು ಮತ್ತೆ ಹಂಚಿಹಾಕಿತು. ಪ್ರತಿ ವಾರ ಅಷ್ಟೊಂದು ಪುಟ ಒಬ್ಬನಿಂದ ಆಗುವ ಮಾತಲ್ಲ. ಸಹಾಯಕರು ಬಂದರು. ಮಿಜುಕಿ ಶಿಗೆರು ಅವರ ದೆವ್ವದ ಕಥೆಗಳಲ್ಲಿ ಚುಕ್ಕೆ ಚುಕ್ಕೆ ಇಟ್ಟು ಮಾಡಿದ ಕಾಡು, ಕಲ್ಲು, ಮೋಡಗಳಿವೆಯಲ್ಲ, ಅವರ ಬಳಿ ಸಹಾಯಕರಾಗಿ ದುಡಿದವರಲ್ಲಿ ತ್ಸುಗೆ ಯೊಶಿಹಾರು, ಇಕೆಗಾಮಿ ರ್ಯೋಇಚಿ ಇದ್ದರು. ಇಬ್ಬರೂ ಮುಂದೆ ತಾವೇ ದೊಡ್ಡ ಹೆಸರಾದರು. ಸೈತೊ ಅಂತೂ 1960ರಲ್ಲೇ ತನ್ನ ಸ್ಟುಡಿಯೋ ಕಟ್ಟಿ, ಸಿನಿಮಾದ ಹಾಗೆ ಕೆಲಸ ಹಂಚಿ, ದುಡಿದವರ ಹೆಸರನ್ನೂ ಅಚ್ಚು ಮಾಡಿಸಿದ. ಇದು ನನಗೆ ತುಂಬಾ ಇಷ್ಟವಾದ ವಿಷಯ. 2021ರಲ್ಲಿ ಅವರು ತೀರಿಕೊಂಡ ಮೇಲೂ, ಅವರ ಇಚ್ಛೆಯಂತೆಯೇ 'ಗೋಲ್ಗೊ 13' ಮುಂದುವರಿಯಿತು.

ಇನ್ನು ಕುಂಚ? ಅದೂ ಹೋಗಿಲ್ಲ. 1998ರಲ್ಲಿ 'ವ್ಯಾಗಬಾಂಡ್' ಶುರುಮಾಡಿದ ಇನೊಉಎ ತಾಕೆಹಿಕೊ ಮೊದಲು ಪೆನ್ನಿನಲ್ಲಿ ಬರೆಯುತ್ತಿದ್ದವರು, ಕೊಜಿರೊನ ಕಥೆ ಬರುವ ಹೊತ್ತಿಗೆ ಕುಂಚಕ್ಕೆ ಹೊರಳಿದರು. ಅಂದರೆ ಕುಂಚ ಅಲ್ಲಿಗೆ ಪರಂಪರೆಯಾಗಿ ಇಳಿದು ಬರಲಿಲ್ಲ, ಒಬ್ಬ ಚಿತ್ರಕಾರ ಅರ್ಧದಾರಿಯಲ್ಲಿ ಹಿಂದಿರುಗಿ ಹೋಗಿ ತಂದುಕೊಂಡ.

ಕಂಪ್ಯೂಟರಿನ ಕಾಲದಲ್ಲಿ ಈ ಹೆಸರುಗಳಿಗೆ ಇನ್ನೊಂದು ಜನ್ಮ. 2012ರಲ್ಲಿ ಬಂದ ಕ್ಲಿಪ್ ಸ್ಟುಡಿಯೋ ಪೇಂಟ್ ತಂತ್ರಾಂಶ ತೆರೆದರೆ ಪೆನ್ನುಗಳ ಪಟ್ಟಿಯಲ್ಲಿ ಜಿ-ಪೆನ್, ಮ್ಯಾಪಿಂಗ್ ಪೆನ್, ಟರ್ನಿಪ್ ಪೆನ್! ಉಕ್ಕಿನ ನಿಬ್ಬನ್ನು ಜೀವಮಾನದಲ್ಲಿ ಮುಟ್ಟದ ಮಕ್ಕಳೂ ಆ ಹೆಸರು ಬಲ್ಲರು. ಕೈ ನಡುಗಿದರೆ ತಂತ್ರಾಂಶ ತಾನೇ ಗೆರೆಯನ್ನು ನೇರ್ಪು ಮಾಡಿಕೊಡುತ್ತದೆ. ಕಾಕಿಹಾನ್ ಕಸುಬುದಾರ ವೇಷ ಬದಲಿಸಿ ವಾಪಸು ಬಂದ ಹಾಗಿದೆ ಅಂತ ನನಗೆ ಅನ್ನಿಸಿದ್ದುಂಟು.

ಹಾಗಾದರೆ ಕೈಯಿಂದ ಬರೆದ ಆ ಮೂಲ ಪುಟಗಳ ಗತಿ? ಬಹಳ ಕಾಲ ಅವುಗಳನ್ನು ಅಚ್ಚಿಗೆ ಬೇಕಾದ ಕಚ್ಚಾ ಸಾಮಗ್ರಿ ಅಂತಲೇ ನೋಡಿದರು. ಕಳೆದುಹೋದವು ಎಷ್ಟೋ. ಉಳಿದವುಗಳಲ್ಲೂ ಬಣ್ಣ ಮಾಸುತ್ತದೆ, ಟೋನಿನ ಅಂಟು ಹಳದಿಯಾಗುತ್ತದೆ. ಕ್ಯೋಟೊ ಸೇಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ತಾಕೆಮಿಯಾ ಕೇಕೊ 2001ರಲ್ಲಿ 'ಗೆಂಗಾ ಡ್ಯಾಶ್' ಎಂಬ ಯೋಜನೆ ಶುರುಮಾಡಿದರು. ಮೂಲ ಪುಟವನ್ನು ಕಂಪ್ಯೂಟರಿಗೆ ಹಾಕಿ, ಪೆನ್ಸಿಲಿನ ಗುರುತು, ಬಿಳಿ ಬಣ್ಣದ ತೇಪೆ ಎಲ್ಲ ಕಾಣುವ ಹಾಗೆ ಅಷ್ಟೇ ಕರಾರುವಾಕ್ಕಾದ ಪ್ರತಿ ಮಾಡುವುದು, ಪ್ರದರ್ಶನಕ್ಕೆ ಅದನ್ನು ಕಳಿಸಿ ಮೂಲವನ್ನು ಕತ್ತಲಲ್ಲಿ ಜೋಪಾನ ಮಾಡುವುದು. ಮಾರು-ಪೆನ್ನಿನ ಕೂದಲೆಳೆಗಳಿಗಾಗಿ ಹೋರಾಡಿದ ತಲೆಮಾರಿನವರೇ ಈ ಕೆಲಸಕ್ಕೂ ಕೈ ಹಾಕಿದ್ದು ಸಹಜ.

'ಹೊಸ ನಿಧಿ ದ್ವೀಪ'ಕ್ಕೆ ಮಾತ್ರ ಈ ಭಾಗ್ಯ ಸಿಗಲಿಲ್ಲ. ತೆಜುಕಾ ಬದುಕಿರುವವರೆಗೂ 1947ರ ಆವೃತ್ತಿಯನ್ನು ಇದ್ದ ಹಾಗೇ ಮರುಮುದ್ರಿಸಲು ಒಪ್ಪಲಿಲ್ಲ. 1984ರಲ್ಲಿ ತನ್ನ ಸಮಗ್ರ ಸಂಪುಟಗಳಿಗೆ ಸೇರಿಸುವಾಗ ಇಡೀ ಪುಸ್ತಕವನ್ನು ಹೊಸದಾಗಿ ಬರೆದ. 1989ರಲ್ಲಿ ಅವನು ತೀರಿಕೊಂಡ. 2009ರಲ್ಲಿ ಹಳೆಯ ಆವೃತ್ತಿಯ ಪಡಿಯಚ್ಚು ಮರುಮುದ್ರಣ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಐವತ್ತರ ಗಡಿ ದಾಟಿದ ತೆಜುಕಾನ ಪಳಗಿದ ಗೆರೆ. ಇನ್ನೊಂದರಲ್ಲಿ, ಒಸಾಕಾದ ಅಚ್ಚುಕೂಟದಲ್ಲಿ ಕೂತು ಆ ಹುಡುಗನ ಗೆರೆಯ ಮೇಲೆ ತನ್ನ ಕೈ ಓಡಿಸಿದ ಹೆಸರಿಲ್ಲದವನ ಗೆರೆ.